ಬಿಸಿಲಿಗೆ ಹೊಂದಿಕೊಳ್ಳುವ ಮನೆ

ಸಿಂಧನೂರಿನ ಓದುಗರೊಬ್ಬರು ಕೇಳಿದ್ದಾರೆ: 'ಅಬುಧಾಬಿಯಲ್ಲಿ ಕಟ್ಟಡಗಳೇ ಬಿಸಿಲು ನೋಡಿ ಪರದೆ ಬಿಚ್ಚಿಕೊಳ್ಳುತ್ತವೆ. ರಾಯಚೂರು ಜಿಲ್ಲೆಗೆ ಅಂಥವು ಯಾವಾಗ? ನೀವಿನ್ನೂ ಮಣ್ಣಿನ ಮಾಳಿಗೆಯನ್ನೇ ಹೊಗಳುತ್ತೀರಿ. ನಮ್ಮಜ್ಜಿಯ ಮಾಳಿಗೆ ಮನೆ ಈಗ ಹೊಟ್ಟು ತುಂಬುವ ಜಾಗವಾಗಿದೆ.'

ಆರ್ಕಿಟೆಕ್ಚರ್ ಓದುವ ನೀವು ಇದನ್ನು ಕೇಳಿದ್ದು ಸಂತೋಷ. 2012ರ ಆ ಅಲ್ ಬಹರ್ ಗೋಪುರಗಳು ಚೆಂದದ ಕೆಲಸ, ಒಪ್ಪುತ್ತೇನೆ. ಬಿಸಿಲು ಬಂದ ಕಡೆ ಪರದೆಗಳು ಛತ್ರಿಯಂತೆ ಬಿಚ್ಚಿಕೊಳ್ಳುತ್ತವೆ, ಆಮೇಲೆ ಮಡಚಿಕೊಳ್ಳುತ್ತವೆ.

ಆದರೆ ಇಂಥ ಕನಸಿನ ಹಳೆಯ ಕಟ್ಟಡಗಳು ಏನಾದವು ಅಂತ ಓದಿದ್ದೀರಾ? ಪ್ಯಾರಿಸ್‌ನ ಅರಬ್ ಜಗತ್ತಿನ ಸಂಸ್ಥೆಯ ಕಟ್ಟಡ 1987ರದು. ಬೆಳಕಿಗೆ ತಕ್ಕಂತೆ ತೆರೆದು ಮುಚ್ಚುವ ಲೋಹದ ಕಿಂಡಿಗಳು ಅದರ ಗೋಡೆಯಲ್ಲಿವೆ. ಯಂತ್ರ ಕೆಟ್ಟು ಎಷ್ಟೋ ಕಿಂಡಿಗಳು ವರ್ಷಗಟ್ಟಲೆ ಅಲ್ಲಾಡಲಿಲ್ಲ. ಟೋಕಿಯೊದ ನಕಾಗಿನ್ ಗೋಪುರವನ್ನು 1972ರಲ್ಲಿ ಕಟ್ಟಿದರು. 140 ಕೋಣೆಗಳು. 25 ವರ್ಷಕ್ಕೊಮ್ಮೆ ಆ ಕೋಣೆಗಳನ್ನು ಕಳಚಿ ಹೊಸದು ಕೂರಿಸಬೇಕಿತ್ತು. ಯಾರೂ ಕೂರಿಸಲಿಲ್ಲ. 2022ರಲ್ಲಿ ಇಡೀ ಗೋಪುರವನ್ನೇ ಬಿಚ್ಚಿದರು. ಕಟ್ಟುವಾಗಿನ ಉಮೇದು ರಿಪೇರಿಗೆ ಇರಲಿಲ್ಲ.

ನಿಮ್ಮಜ್ಜಿಯ ಮನೆ ನೋಡಿ. ದಪ್ಪ ಕಲ್ಲು-ಮಣ್ಣಿನ ಗೋಡೆ, ತೊಲೆ, ಜಂತಿ, ಮೇಲೆ ಚೌಳು ಮಣ್ಣು. ಮಧ್ಯಾಹ್ನದ ಕಾವು ಆ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಅಷ್ಟೊತ್ತಿಗೆ ಮನೆಮಂದಿ ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ. ಬೆಳಿಗ್ಗೆ ಕಟ್ಟೆ, ಮಧ್ಯಾಹ್ನ ಪಡಸಾಲೆ, ರಾತ್ರಿ ಮಾಳಿಗೆ. ಮಳೆ ಬಂದರೆ ಗವಾಕ್ಷಿ ಮುಚ್ಚುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುವುದು ಮನೆಯವರಿಗೇ ಗೊತ್ತಿತ್ತು, ಕಂಪನಿಯವರನ್ನು ಕಾಯಬೇಕಿರಲಿಲ್ಲ. 1996ರಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಕಟ್ಟಿದ ಈಸ್ಟ್‌ಗೇಟ್ ಎಂಬ ಅಂಗಡಿ-ಕಚೇರಿ ಕಟ್ಟಡ ಗೆದ್ದಿದ್ದೂ ಇದೇ ಬುದ್ಧಿಯಿಂದ ಅಲ್ವಾ? ರಾತ್ರಿಯ ತಂಪು ಗಾಳಿಯನ್ನು ಒಳಗೆಳೆದು ದಪ್ಪ ಕಾಂಕ್ರೀಟನ್ನು ತಣಿಸುತ್ತಾರೆ. ಹಗಲಿಗೆ ಆ ತಂಪೇ ಆಧಾರ.

ಹೌದು, 2009ರ ಮಳೆಗೆ ನಮ್ಮ ಕಡೆ ಮಾಳಿಗೆ ಮನೆಗಳು ಕುಸಿದು ಜನ ಸತ್ತರು. ಅದನ್ನು ಮರೆತಿಲ್ಲ. ಆದರೆ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1970ರ ದಶಕದಿಂದಲೇ ಕೆಲಸ ಮಾಡಿದೆ. ನಮ್ಮ ಹಳ್ಳಿಗಳಿಗೆ ಬಂದದ್ದು ಮಾತ್ರ ತೆಳು ಗೋಡೆ, ಆರ್‌ಸಿಸಿ ಸ್ಲ್ಯಾಬ್. ಕರಾವಳಿಗೂ ದೇವದುರ್ಗಕ್ಕೂ ಹೆಚ್ಚುಕಡಿಮೆ ಒಂದೇ ನಕ್ಷೆ! ಮೇ ತಿಂಗಳ ರಾತ್ರಿ ಆ ಸ್ಲ್ಯಾಬ್ ಕೆಳಗೆ ಮಲಗಿದ ತಾಯಂದಿರನ್ನು ಕೇಳಿ. ಅನುಕೂಲಸ್ಥರು ಎಸಿ ಹಾಕಿಸುತ್ತಾರೆ. ಅದಕ್ಕೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಇನ್ನಷ್ಟು ಕಲ್ಲಿದ್ದಲು ಸುಡಬೇಕು. ಮಣ್ಣಿನ ಮನೆಗೆ ಸಾಲ ಕೇಳಿದರೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಜಂತಿ ಕೂರಿಸುವ ಕೈಗಳು ಕಡಿಮೆಯಾಗುತ್ತಿವೆ. ನಿಮ್ಮ ಕಾಲೇಜಿನಲ್ಲಿ ಅದನ್ನು ಯಾರಾದರೂ ಕಲಿಸುತ್ತಾರಾ?

ಸುಮ್ನೆ ನನ್ನ ಮಾತು ನಂಬಬೇಡಿ. ಎರಡು ಥರ್ಮಾಮೀಟರ್ ತನ್ನಿ. ಒಂದು ಮಾಳಿಗೆ ಮನೆಯಲ್ಲಿಡಿ, ಇನ್ನೊಂದು ಆರ್‌ಸಿಸಿ ಕೋಣೆಯಲ್ಲಿ. ಮೇ ಪೂರ್ತಿ ಮಧ್ಯಾಹ್ನ 3ಕ್ಕೆ, ರಾತ್ರಿ 10ಕ್ಕೆ ಬರೆದಿಡಿ. ಗೋಡೆಯ ದಪ್ಪವನ್ನೂ ಅಳೆದು ಕಳಿಸಿ. ಅಂಕಿ ಯಾರ ಕಡೆ ಬಂದರೂ ಪೂರ್ತಿ ಅಚ್ಚು ಹಾಕುತ್ತೇವೆ.

- ಸಂಪಾದಕ