ಒಂದೇ ಮೈಕ್‌ನಲ್ಲಿ ಇಪ್ಪತ್ತು ಮೈಕ್ ಇದೆಯಂತೆ, ನಿಜಾನಾ?

ಪ್ರಶ್ನೆ: ಸರ್, ನಾನು ಭಾವಗೀತೆ ಹಾಡುತ್ತೇನೆ. ಮಹಡಿ ಮೇಲಿನ ಹತ್ತಕ್ಕೆ ಹತ್ತರ ಕೋಣೆಯಲ್ಲಿ ಲ್ಯಾಪ್‌ಟಾಪ್, ಎರಡು ಮೈಕ್ ಹಾಕಬಹುದಾದ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ) ಮತ್ತು ಒಂದು ಸಾದಾ ಕಂಡೆನ್ಸರ್ ಮೈಕ್ ಇಟ್ಟುಕೊಂಡಿದ್ದೇನೆ. ಸಾಫ್ಟ್‌ವೇರ್ ಸಹಾಯದಿಂದ ಬೇರೆ ಮೈಕ್‌ಗಳ ಧ್ವನಿ ಅನುಕರಿಸುವ ಮಾಡೆಲಿಂಗ್ ಮೈಕ್ ಕೊಂಡರೆ ಹಳೇ ಕಾಲದ ದೊಡ್ಡ ಸ್ಟುಡಿಯೋ ಮೈಕ್‌ಗಳೆಲ್ಲ ಅದರಲ್ಲೇ ಸಿಗುತ್ತವೆ ಎಂದು ಓದಿದೆ. ಸ್ನೇಹಿತರೊಬ್ಬರು ‘ಅದೆಲ್ಲ ಬರೀ ಈಕ್ವಲೈಸರ್ (ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವ ಸಾಧನ), ದುಡ್ಡು ದಂಡ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಸ್ನೇಹಿತರ ಮಾತು ಕೆಲವು ಮೈಕ್‌ಗಳಿಗೆ ಹೆಚ್ಚುಕಮ್ಮಿ ಸರಿ, ಕೆಲವಕ್ಕೆ ಸರಿಯಲ್ಲ. ಮಾಡೆಲಿಂಗ್ ಮೈಕ್‌ಗಳಲ್ಲಿ ಎರಡು ಜಾತಿ ಇವೆ. ಜಾಹೀರಾತಿನಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲ ಜಾತಿಯದು ಒಂದೇ ಸಿಗ್ನಲ್ ಕೊಡುತ್ತದೆ. ಸ್ಲೇಟ್ ಡಿಜಿಟಲ್ ಕಂಪನಿಯ ಎಂಎಲ್-1 ಇಂಥದ್ದು. ಮೈಕ್ ತನ್ನ ಬಣ್ಣ ಸೇರಿಸದೆ ಆದಷ್ಟು ಸಪಾಟಾಗಿ ಧ್ವನಿ ಹಿಡಿಯುತ್ತದೆ. ಹಳೇ ಮೈಕ್‌ನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟು ಏರುತ್ತಿತ್ತು, ಎಷ್ಟು ಇಳಿಯುತ್ತಿತ್ತು, ಒಳಗಿನ ವಾಲ್ವ್ ಎಷ್ಟು ಒರಟು ಸೇರಿಸುತ್ತಿತ್ತು ಎನ್ನುವುದನ್ನು ಆಮೇಲೆ ಪ್ಲಗಿನ್, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಸೇರಿಸುವ ಪುಟ್ಟ ಪ್ರೋಗ್ರಾಂ, ಹಚ್ಚುತ್ತದೆ. ಇದನ್ನು ತುಂಬಾ ನಾಜೂಕಾದ ಈಕ್ವಲೈಸರ್ ಎಂದರೆ ದೊಡ್ಡ ತಪ್ಪೇನಿಲ್ಲ.

ಎರಡನೇ ಜಾತಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಡಯಾಫ್ರಂ (ಧ್ವನಿಗೆ ಕಂಪಿಸುವ ತೆಳು ಪೊರೆ) ಇರುತ್ತವೆ, ಅವುಗಳ ಸಿಗ್ನಲ್ ಬೇರೆ ಬೇರೆಯಾಗಿ ಹೊರಬಂದು ಎರಡು ಟ್ರ್ಯಾಕ್‌ನಲ್ಲಿ ಕೂರುತ್ತವೆ. ಟೌನ್‌ಸೆಂಡ್ ಲ್ಯಾಬ್ಸ್‌ನ ಸ್ಫಿಯರ್ ಎಲ್22 ಹೀಗಿತ್ತು. 2021ರಲ್ಲಿ ಆ ಕಂಪನಿಯನ್ನು ಯೂನಿವರ್ಸಲ್ ಆಡಿಯೋ ಕೊಂಡುಕೊಂಡಿತು, ಈಗ ಸ್ಫಿಯರ್ ಡಿಎಲ್‌ಎಕ್ಸ್, ಎಲ್‌ಎಕ್ಸ್ ಅಂತ ಬರುತ್ತವೆ. ಆಂಟೆಲೋಪ್‌ನ ಎಡ್ಜ್ ಡುವೋ ಕೂಡ ಇದೇ ಪೈಕಿ.

ಎರಡು ಟ್ರ್ಯಾಕ್ ಯಾಕೆ ಬೇಕು? ಮೈಕ್ ಎದುರಿನಿಂದ ಬಂದ ಧ್ವನಿಯನ್ನು ಒಂದು ಥರ ಕೇಳುತ್ತದೆ, ಪಕ್ಕದಿಂದ, ಹಿಂದಿನಿಂದ ಬಂದದ್ದನ್ನು ಇನ್ನೊಂದು ಥರ. 1949ರಲ್ಲಿ ಬಂದ ನಾಯ್ಮನ್ ಕಂಪನಿಯ ಯು 47 ಮೈಕ್ ಪಕ್ಕದ ಧ್ವನಿ ಕೇಳುವ ರೀತಿಯೇ ಬೇರೆ, 1953ರ ಎಕೆಜಿ ಸಿ 12 ಕೇಳುವ ರೀತಿಯೇ ಬೇರೆ. ಮನೆಯ ಕೋಣೆಯಲ್ಲಿ ಹಾಡುವಾಗ ನಿಮ್ಮ ಧ್ವನಿ ಗೋಡೆಗೆ ಬಡಿದು ಎಲ್ಲಾ ಕಡೆಯಿಂದ ವಾಪಸ್ ಬರುತ್ತದೆ. ಅದೆಲ್ಲ ಒಂದೇ ಟ್ರ್ಯಾಕ್‌ನಲ್ಲಿ ಕಲೆಸಿಹೋದ ಮೇಲೆ ಯಾವುದು ನೇರವಾಗಿ ಬಂತು, ಯಾವುದು ಗೋಡೆಯಿಂದ ಬಂತು ಎಂದು ಪ್ಲಗಿನ್‌ಗೆ ಹೇಗೆ ಗೊತ್ತಾಗಬೇಕು? ಮುಂದಿನದು, ಹಿಂದಿನದು ಬೇರೆ ಬೇರೆ ಇದ್ದರೆ ಲೆಕ್ಕ ಹಾಕಲು ಏನಾದರೂ ಆಧಾರ ಸಿಗುತ್ತದೆ. ಬಾಯಿ ಮೈಕ್‌ಗೆ ಹತ್ತಿರ ಬಂದಾಗ ಬೇಸ್ ಏರುತ್ತದಲ್ಲ, ಅದು ಕೂಡ ಒಂದೊಂದು ಮೈಕ್‌ನಲ್ಲಿ ಒಂದೊಂದು ಪ್ರಮಾಣದಲ್ಲಿ ಇರುತ್ತದೆ, ಅದನ್ನೂ ಎರಡು ಸಿಗ್ನಲ್ ಇದ್ದರೆ ಹೆಚ್ಚು ಸರಿಯಾಗಿ ತರಬಹುದು. ಇದಕ್ಕೆಲ್ಲ ಈಕ್ವಲೈಸರ್ ಸಾಲದು.

ಇನ್ನೊಂದು ಲಾಭ ಇದೆ, ನನ್ನ ಪ್ರಕಾರ ಹಳೇ ಮೈಕ್‌ಗಳ ಹೆಸರಿಗಿಂತ ಇದೇ ದೊಡ್ಡದು. ಮೈಕ್ ಯಾವ ದಿಕ್ಕಿನಿಂದ ಕೇಳಬೇಕು ಎನ್ನುವುದನ್ನು ರೆಕಾರ್ಡಿಂಗ್ ಮುಗಿದ ಮೇಲೆ ತೀರ್ಮಾನ ಮಾಡಬಹುದು. ಮುಂದಿನ ಸಿಗ್ನಲ್ ಮಾತ್ರ ಇಟ್ಟುಕೊಂಡರೆ ಮುಂದಿನಿಂದಲೇ ಹೆಚ್ಚು ಕೇಳುವ ಕಾರ್ಡಿಯಾಯ್ಡ್, ಎರಡನ್ನೂ ಕೂಡಿಸಿದರೆ ಎಲ್ಲಾ ದಿಕ್ಕಿನಿಂದಲೂ ಕೇಳುವ ಓಮ್ನಿ, ಒಂದರಿಂದ ಇನ್ನೊಂದನ್ನು ಕಳೆದರೆ ಹಿಂದೆ ಮುಂದೆ ಮಾತ್ರ ಕೇಳುವ ಫಿಗರ್-8. ಸಾದಾ ಮೈಕ್‌ನಲ್ಲಿ ಈ ಆಯ್ಕೆ ಇದ್ದರೂ ಹಾಡುವ ಮೊದಲೇ ಸ್ವಿಚ್ ಒತ್ತಿ ಆರಿಸಬೇಕು, ಆಮೇಲೆ ಬದಲಾಯಿಸುವ ಮಾತೇ ಇಲ್ಲ.

ಈಗ ನಿಮ್ಮ ಕೋಣೆ. ಹತ್ತಕ್ಕೆ ಹತ್ತು, ಅಂದರೆ ಚೌಕ, ನಾಲ್ಕೂ ಕಡೆ ಸಿಮೆಂಟ್ ಗೋಡೆ, ಕೆಳಗೆ ಟೈಲ್ಸ್ ಅಂದುಕೊಳ್ಳುತ್ತೇನೆ. ಚೌಕ ಕೋಣೆಯಲ್ಲಿ ಉದ್ದ ಅಗಲ ಒಂದೇ ಆದ್ದರಿಂದ ಕೆಲವು ಕೆಳಗಿನ ಸ್ವರಗಳು ಎರಡೂ ದಿಕ್ಕಿನಲ್ಲಿ ಒಟ್ಟಿಗೇ ಗುಂಯ್ ಅನ್ನುತ್ತವೆ. ಯಾವ ಮಾಡೆಲ್ ಹಾಕಿದರೂ ಅದು ಹೋಗುವುದಿಲ್ಲ. ಹಳೇ ಯು 47 ಒಳ್ಳೇ ಸ್ಥಿತಿಯಲ್ಲಿ ಸಿಕ್ಕಿದರೆ ಹತ್ತು ಸಾವಿರ ಡಾಲರ್ ದಾಟುತ್ತದೆ, ಅದರೊಳಗಿನ ವಿಎಫ್14 ವಾಲ್ವ್ ತಯಾರಿಕೆ 1950ರ ದಶಕದ ಕೊನೆಗೇ ನಿಂತುಹೋಯಿತು. ಅಂಥ ಅಸಲಿ ಮೈಕನ್ನೇ ತಂದು ನಿಮ್ಮ ಕೋಣೆಯಲ್ಲಿ ಇಟ್ಟರೂ ಕೇಳುವುದು ನಿಮ್ಮ ಕೋಣೆಯೇ ಅಲ್ವಾ? ಆದ್ದರಿಂದ ಮೊದಲು ಹಾಡುವವರ ಬೆನ್ನ ಹಿಂದೆ ಮತ್ತು ಎರಡು ಪಕ್ಕ ದಪ್ಪ ರಜಾಯಿ ಇಳಿಬಿಡಿ, ನೆಲಕ್ಕೆ ಜಮಖಾನ ಹಾಸಿ, ಗೋಡೆಗೆ ಅಂಟಿಕೊಂಡೂ ಬೇಡ, ಕೋಣೆಯ ನಟ್ಟನಡುವೆಯೂ ಬೇಡ, ಸ್ವಲ್ಪ ಆಚೀಚೆ ನಿಂತು ಈಗಿರುವ ಮೈಕ್‌ನಲ್ಲೇ ಒಂದು ಪಲ್ಲವಿ ಹಾಡಿ ಕೇಳಿ. ಎಷ್ಟೋ ಜನರಿಗೆ ಹೊಸ ಮೈಕ್ ಆಸೆ ಇಲ್ಲೇ ಅರ್ಧ ತಣ್ಣಗಾಗುತ್ತದೆ.

ಇಷ್ಟಾದ ಮೇಲೂ ಬೇಕೆನಿಸಿದರೆ ನೀವು ಯಾರನ್ನು ರೆಕಾರ್ಡ್ ಮಾಡುತ್ತೀರಿ ಎಂದು ಕೇಳಿಕೊಳ್ಳಿ. ಬರೀ ನಿಮ್ಮ ಒಂದು ಧ್ವನಿ ಆದರೆ ಅದಕ್ಕೆ ಹೊಂದುವ ಒಂದು ಒಳ್ಳೇ ಮೈಕ್ ಹುಡುಕುವುದೇ ಜಾಣತನ, ಇಪ್ಪತ್ತು ಮಾಡೆಲ್ ಇದ್ದರೂ ಕೊನೆಗೆ ಬಳಸುವುದು ಎರಡೋ ಮೂರೋ. ಬೇರೆ ಬೇರೆ ಗಾಯಕರು, ತಬಲ, ಕೊಳಲು, ಹಾರ್ಮೋನಿಯಂ ಎಲ್ಲಾ ನಿಮ್ಮಲ್ಲಿಗೆ ಬರುವುದಾದರೆ ಎರಡು ಡಯಾಫ್ರಂ ಇರುವುದಕ್ಕೆ ದುಡ್ಡು ಹಾಕಿ, ದಂಡ ಆಗುವುದಿಲ್ಲ. ನಿಮ್ಮ ಇಂಟರ್‌ಫೇಸ್‌ನಲ್ಲಿ ಎರಡು ಮೈಕ್ ಇನ್‌ಪುಟ್ ಇರುವುದು ಅದೃಷ್ಟ, ಒಂದೇ ಇದ್ದವರಿಗೆ ಈ ಜಾತಿಯಿಂದ ಪೂರ್ತಿ ಕೆಲಸ ತೆಗೆಯಲು ಆಗುವುದಿಲ್ಲ. ಎರಡಕ್ಕೂ 48 ವೋಲ್ಟ್ ಫ್ಯಾಂಟಮ್ (ಇಂಟರ್‌ಫೇಸ್ ಮೈಕ್‌ಗೆ ಕೊಡುವ ವಿದ್ಯುತ್) ಕೊಡಬೇಕು, ಎರಡರ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಒಂದೇ ಸಮ ಇರಬೇಕು. ಕಣ್ಣಂದಾಜಿನಲ್ಲಿ ತಿರುಗಿಸುವ ಗುಂಡಿ ಆದರೆ ಮೈಕ್‌ನ ಸರಿಯಾಗಿ ಪಕ್ಕದಲ್ಲಿ ಫೋನ್ ಇಟ್ಟು ಶ್ರುತಿ ಆ್ಯಪ್ ಹಾಕಿ. ಪಕ್ಕದಿಂದ ಬರುವ ಧ್ವನಿ ಎರಡೂ ಕಡೆಗೆ ಸಮ, ಆದ್ದರಿಂದ ಎರಡು ಮೀಟರ್ ಸಮ ಆಗುವವರೆಗೆ ಹೊಂದಿಸಿದರೆ ಸಾಕು.

ಮಾಡೆಲ್ ಆರಿಸುವಾಗ ಜೋರಾಗಿ ಕೇಳುವುದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಚಾಳಿ. ಹಾಗಾಗಿ ಎಲ್ಲದರ ವಾಲ್ಯೂಮ್ ಸಮ ಮಾಡಿಕೊಂಡು, ಪರದೆ ನೋಡದೆ ಆರಿಸಿ. ಸೋನಿ ಸಿ-800ಜಿ ಥರ ಮೇಲಿನ ಸ್ವರ ಹೊಳೆಯುವ ಮಾಡೆಲ್ ಮೊದಲ ಸಲ ಕೇಳಿದಾಗ ಮರುಳು ಮಾಡುತ್ತದೆ, ಆದರೆ ‘ಶ’, ‘ಸ’, ‘ಚ’ ಜಾಸ್ತಿ ಇರುವ ಸಾಲು ಬಂದಾಗ ಕಿವಿಗೆ ಚುಚ್ಚುತ್ತದೆ. ಭಾವಗೀತೆಗೆ ನಾನಾದರೆ ನಾಯ್ಮನ್ ಯು 67 ಅಥವಾ ಯಾವುದಾದರೂ ರಿಬ್ಬನ್ ಮೈಕ್ ಮಾಡೆಲ್‌ನಿಂದ ಶುರು ಮಾಡುತ್ತೇನೆ.

ಪ್ರಶ್ನೆ: ನನ್ನ ಹತ್ತಿರ ಇರುವುದು ಸ್ಟೇಜ್ ಮೇಲೆ ಬಳಸುವ ಶ್ಯೂರ್ ಎಸ್‌ಎಂ58. ಮಾಡೆಲಿಂಗ್ ಪ್ಲಗಿನ್ ಮಾತ್ರ ಕೊಂಡು ಅದರ ಮೇಲೆ ಹಾಕಬಹುದಾ?
– ಓದುಗರು, ಶಿರಸಿ

ಉತ್ತರ: ಹಾಕಬಹುದು, ಆದರೆ ಹೆಸರು ನಂಬಬೇಡಿ. ಪ್ಲಗಿನ್ ಲೆಕ್ಕ ಹಾಕುವುದು ತನಗೆ ಗೊತ್ತಿರುವ ಮೈಕ್‌ನಿಂದ. ಬೇರೆ ಮೈಕ್ ಮೇಲೆ ಹಾಕುವುದು ಎಂದರೆ ರುಚಿ ನೋಡದ ಸಾರಿಗೆ ಉಪ್ಪು ಸುರಿದ ಹಾಗೆ. ಅದೂ ಅಲ್ಲದೆ 58 ಡೈನಾಮಿಕ್ ಮೈಕ್, ತೀರಾ ಮೇಲಿನ ಫ್ರೀಕ್ವೆನ್ಸಿಗಳನ್ನು ಅದು ಹಿಡಿಯುವುದೇ ಕಡಿಮೆ. ಅಲ್ಲಿ ಇಲ್ಲದ್ದನ್ನು ಎಳೆದು ತರಲು ಹೋದರೆ ಬರುವುದು ಸುಮ್ನೆ ಹಿಸ್ಸ್ ಸದ್ದು. ಸದ್ದುಗದ್ದಲದ ಮನೆಗೆ 58 ಒಳ್ಳೇ ಮೈಕ್, ಅದನ್ನು 58 ಆಗಿಯೇ ಬಳಸಿ.

ಪ್ರಶ್ನೆ: ನಾನೇ ಹಾರ್ಮೋನಿಯಂ ನುಡಿಸುತ್ತಾ ದಾಸರ ಪದ ಹಾಡುತ್ತೇನೆ. ಎರಡು ಡಯಾಫ್ರಂ ಮೈಕ್ ಇದೆ. ಹಾರ್ಮೋನಿಯಂ ಜೋರಾಗಿ, ಧ್ವನಿ ಹಿಂದೆ ಕೇಳುತ್ತದೆ.
– ಓದುಗರು, ಧಾರವಾಡ

ಉತ್ತರ: ನಿಮಗೆ ಬೇಕಾದ್ದು ಫಿಗರ್-8. ಈ ಮಾದರಿಯಲ್ಲಿ ಮೈಕ್‌ಗೆ ಎಡ, ಬಲ ಮಾತ್ರ ಅಲ್ಲ, ತಲೆಯ ಮೇಲೂ ಕಾಲ ಕೆಳಗೂ ಕಿವುಡು. ಮೈಕನ್ನು ನೆಟ್ಟಗೆ ನಿಲ್ಲಿಸಿ ಬಾಯಿಯ ಎತ್ತರಕ್ಕೆ ಇಡಿ, ಹಾರ್ಮೋನಿಯಂ ಸರಿಯಾಗಿ ಅದರ ಕೆಳಗೆ ಬರುವಂತೆ ಕುಳಿತುಕೊಳ್ಳಿ. ಹಾರ್ಮೋನಿಯಂ ಪೂರ್ತಿ ಮಾಯವಾಗುವುದಿಲ್ಲ, ಗೋಡೆಯಿಂದ ವಾಪಸ್ ಬರುತ್ತದೆ, ಆದರೆ ಚೆನ್ನಾಗಿ ಹಿಂದೆ ಸರಿಯುತ್ತದೆ. ಮೈಕ್‌ನ ಹಿಂಬದಿ ಈಗ ಮುಂಬದಿಯಷ್ಟೇ ಚುರುಕು, ಆ ಕಡೆ ಕಿಟಕಿ ಇದ್ದರೆ ಬೀದಿಯೂ ಹಾಡುತ್ತದೆ. ಅಲ್ಲಿ ದಪ್ಪ ಕಂಬಳಿ ಕಟ್ಟಿ. ಫಿಗರ್-8ರಲ್ಲಿ ಹತ್ತಿರ ಬಂದಷ್ಟೂ ಬೇಸ್ ಜಾಸ್ತಿ, ಒಂದು ಗೇಣಿಗಿಂತ ಹತ್ತಿರ ಹೋಗಬೇಡಿ.

ಪ್ರಶ್ನೆ: ಮಾಡೆಲ್ ಹಾಕಿಕೊಂಡೇ ಹಾಡಿದರೆ ನನ್ನ ಧ್ವನಿ ಹೆಡ್‌ಫೋನ್‌ನಲ್ಲಿ ತಡವಾಗಿ ಕೇಳುತ್ತದೆ. ಮಿಕ್ಸಿಂಗ್‌ಗೆ ಬೆಂಗಳೂರಿಗೆ ಕಳಿಸುವಾಗ ಯಾವ ಫೈಲ್ ಕೊಡಬೇಕು?
– ಓದುಗರು, ಸಾಗರ

ಉತ್ತರ: ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ಸ್ಯಾಂಪಲ್‌ಗಳ ಸಂಖ್ಯೆ, 128 ಅಥವಾ 64ಕ್ಕೆ ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ ಒಂದು ಕಡೆಗೆ 2.7 ಮಿಲಿಸೆಕೆಂಡ್, ಹೋಗಿ ಬರುವುದು, ಇಂಟರ್‌ಫೇಸ್‌ನ ತಡ ಎಲ್ಲಾ ಸೇರಿ ಇನ್ನೂ ಹೆಚ್ಚು. ಲ್ಯಾಪ್‌ಟಾಪ್ ತಡೆಯದಿದ್ದರೆ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ (ಧ್ವನಿ ಲ್ಯಾಪ್‌ಟಾಪ್ ಸುತ್ತದೆ ನೇರ ಹೆಡ್‌ಫೋನ್‌ಗೆ ಬರುವ ದಾರಿ) ಹಾಕಿ, ಮಾಡೆಲ್ ಇಲ್ಲದ ಧ್ವನಿ ಕೇಳಿಕೊಂಡು ಹಾಡಿ. ಟ್ರ್ಯಾಕ್ ಹೇಗೂ ಕಚ್ಚಾ ಇರುತ್ತದೆ, ಆಮೇಲೆ ಹಚ್ಚಿದರಾಯಿತು. ಶ್ರುತಿ ತಿದ್ದುವುದು, ಕಂಪ್ರೆಸರ್ (ಜೋರು, ಮೆಲ್ಲಗಿನ ಅಂತರ ಕಡಿಮೆ ಮಾಡುವುದು), ಈಕ್ವಲೈಸರ್ ಎಲ್ಲಾ ಮಾಡೆಲ್‌ನ ನಂತರ ಬರಬೇಕು. ಕಳಿಸುವಾಗ ಎರಡು ಫೈಲ್ ಕೊಡಿ, 24 ಬಿಟ್‌ನಲ್ಲೇ. ಒಂದು ನಿಮಗೆ ಇಷ್ಟವಾದ ಮಾಡೆಲ್ ಹಾಕಿದ್ದು, ಇನ್ನೊಂದು ಏನೂ ಹಾಕದ ಕಚ್ಚಾ ಸ್ಟೀರಿಯೋ ಫೈಲ್. ಎರಡನೆಯದರ ಎಡಕ್ಕೆ ಮುಂದಿನ ಸಿಗ್ನಲ್, ಬಲಕ್ಕೆ ಹಿಂದಿನದು ಎಂದು ಫೈಲಿನ ಹೆಸರಲ್ಲೇ ಬರೆಯಿರಿ. ಇಲ್ಲದಿದ್ದರೆ ಅವರು ಮಾಮೂಲಿ ಸ್ಟೀರಿಯೋ ಅಂದುಕೊಂಡು ನಿಮ್ಮನ್ನು ಎಡಗಿವಿಯಲ್ಲಿ ಜೋರಾಗಿ, ಬಲಗಿವಿಯಲ್ಲಿ ಮಂಕಾಗಿ ಹಾಡಿಸಿಬಿಡುತ್ತಾರೆ.