ಕೋಡು ಹೋದರೆ ಹಾಲೂ ಹೋಗುತ್ತದಾ?

ಪತ್ರ: ನಮ್ಮ ಕೊಟ್ಟಿಗೆಯಲ್ಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿವೆ. ಹೊರದೇಶದಲ್ಲಿ ಹುಟ್ಟುತ್ತಲೇ ಕೋಡಿಲ್ಲದ ಎಚ್‌ಎಫ್ ಬೆಳೆಸುತ್ತಿದ್ದಾರೆ, ನಮಗೂ ಅಂಥದ್ದೇ ಬೇಕು ಅನ್ನುತ್ತಾಳೆ ಪಶುವೈದ್ಯ ಓದುತ್ತಿರುವ ಮಗಳು. ಕೋಡು ಹೋದರೆ ಹಾಲೂ ಹೋಗುತ್ತದೆ ಅನ್ನುತ್ತಾರೆ ನನ್ನಮ್ಮ. ಯಾರ ಮಾತು ಕೇಳಲಿ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಮಗಳ ಮಾತು ಕೇಳಿ ಮಾರಾಯ್ರೆ.

ಅಮ್ಮನ ಬೇಸರ ಅರ್ಥವಾಗುತ್ತದೆ. ದೀಪಾವಳಿಗೆ ದನದ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಅಡಿಕೆ ಸರ ಕಟ್ಟಿದ ಕೈ ಅದು. ಶಿಕಾರಿಪುರದ ಕಡೆ ಹೋರಿ ಹಬ್ಬಕ್ಕೆ ಬೋಳು ತಲೆಯ ಹೋರಿ ತಂದರೆ ಜನ ನಕ್ಕಾರು. ಆದರೆ ನಿಮ್ಮ ಎಚ್‌ಎಫ್ ಆ ಹಬ್ಬಕ್ಕೆ ಹೋಗುವುದಿಲ್ಲವಲ್ಲ!

ಸಾಗರದ ಹತ್ತಿರ ನಮ್ಮ ಮನೆಯಲ್ಲಿ, ದೊಡ್ಡದಾದ ಮೇಲೆ ಹಾಯಬಾರದು ಅಂತ ಒಂದು ಕರುವಿನ ಕೋಡು ಸುಡಿಸಿದ್ದೆವು. ಮೂರು ವಾರದ ಕರು. ಬೆರಳಿಟ್ಟರೆ ಕೂದಲಿನ ಅಡಿಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಗುತ್ತಿತ್ತು. ಬಚ್ಚಲೊಲೆಯಲ್ಲಿ ಕಬ್ಬಿಣ ಕಾಯಿಸಿದರು. ಮರಗಟ್ಟಿಸುವ ಇಂಜೆಕ್ಷನ್ ಕೊಡಲಿಲ್ಲ. ತಲೆಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದವನು ನಾನೇ. ಒಮ್ಮೆ ಕೂಗಿತು, ಆಮೇಲೆ ಸುಮ್ನೆ ನಡುಗಿತು. ಬಟ್ಟೆಯಿಂದ ಸುಟ್ಟ ಕೂದಲಿನ ವಾಸನೆ ಎರಡು ಸಲ ಒಗೆದರೂ ಹೋಗಲಿಲ್ಲ. ಒಂದು ವಾರ ನನ್ನನ್ನು ಕಂಡರೆ ಸಾಕು, ಹಗ್ಗ ಬಿಟ್ಟಷ್ಟೂ ಹಿಂದೆ ಸರಿದು ಗೋಡೆಗೆ ಒತ್ತಿ ನಿಲ್ಲುತ್ತಿತ್ತು. ಹುಟ್ಟುತ್ತಲೇ ಬೋಳಾದರೆ ಈ ಹಿಂಸೆಯೇ ಇಲ್ಲ. ನಿಮ್ಮ ನಾಲ್ಕು ಹಸುಗಳ ಕೋಡು ಏನಾಗಿವೆ ಅಂತ ನೀವು ಬರೆದೇ ಇಲ್ಲ.

ಈಗ ಹಾಲಿನ ಮಾತು. ಕೋಡು ಇರಬೇಕೋ ಬೇಡವೋ ಅನ್ನುವುದು ದನದ 1ನೇ ವರ್ಣತಂತುವಿನ (ಕ್ರೋಮೋಸೋಮ್) ಒಂದು ಜಾಗದಲ್ಲಿ ತೀರ್ಮಾನವಾಗುತ್ತದೆ. ಹಾಲಿನ ಹಿಂದೆ ನೂರಾರು ಜೀನ್‌ಗಳ ಕೈವಾಡವಿದೆ. ಕೋಡಿಗೂ ಕೆಚ್ಚಲಿಗೂ ಲೇವಾದೇವಿ ಇಲ್ಲ. ಕೋಡಿಲ್ಲದ ಗುಣವೇ ಪ್ರಬಲ. ಹೋರಿಗೆ ಅದು ತಾಯಿ, ತಂದೆ ಇಬ್ಬರಿಂದಲೂ ಬಂದು ಜೋಡಿಯಾಗಿದ್ದರೆ ನಿಮ್ಮ ಕೋಡಿನ ಹಸುವಿಗೂ ಬೋಳು ಕರುವೇ ಹುಟ್ಟುತ್ತದೆ, ಒಬ್ಬರಿಂದ ಮಾತ್ರ ಬಂದು ಒಂಟಿಯಾಗಿದ್ದರೆ ಸುಮಾರು ಅರ್ಧ ಕರುಗಳು ಬೋಳು. ಕೆಲವಕ್ಕೆ ಅಲ್ಲಾಡುವ ಮೋಟು ಕೋಡು ಬರುವುದೂ ಉಂಟು.

ಅಮ್ಮನ ಮಾತೂ ಪೂರ್ತಿ ಗಾಳಿಮಾತಲ್ಲ. ಮೊದಮೊದಲು ಬೋಳು ಹೋರಿಗಳ ಹೆಣ್ಣುಕರುಗಳು ಹಾಲಿನಲ್ಲಿ ಹಿಂದೆ ಬಿದ್ದಿದ್ದವು. ಆಗ ಅಂಥ ಹೋರಿಗಳೇ ಬೆರಳೆಣಿಕೆ. ಒಂದೇ ಕೇರಿಯಲ್ಲಿ ಗಂಡು ಹುಡುಕಿದರೆ ಸಿಕ್ಕಿದವನೇ ಅಳಿಯ, ಅಲ್ವಾ? ರಕ್ತಸಂಬಂಧದ ತೊಂದರೆ ಬೇರೆ. ಹೋರಿಗಳು ಜಾಸ್ತಿಯಾಗಿ ಆರಿಸಿಕೊಳ್ಳಲು ಅವಕಾಶ ಸಿಕ್ಕಿದ ಮೇಲೆ ಆ ಅಂತರ ಕಡಿಮೆಯಾಗುತ್ತಾ ಬಂದಿದೆ. ಅಮೆರಿಕದಲ್ಲಿ ಜೀನ್ ತಿದ್ದಿ ಬೋಳು ಕರು ಹುಟ್ಟಿಸಿದ್ದನ್ನು 2016ರಲ್ಲಿ ಪ್ರಕಟಿಸಿದರು. 2019ರಲ್ಲಿ ನೋಡಿದರೆ ಒಳಗೆ ಬ್ಯಾಕ್ಟೀರಿಯಾದ ಡಿಎನ್‌ಎ ಚೂರು ಸೇರಿಕೊಂಡಿತ್ತು! ಹುಟ್ಟಾ ಬೋಳು ಹೋರಿ ಇರುವಾಗ ನಮಗೆ ಆ ಉಸಾಬರಿ ಯಾಕೆ?

ನನ್ನ ಸಿಟ್ಟು ನಮ್ಮ ಮೇಲೇ. ಬೀಜದ ಅಡಿಕೆ ಗೋಟಿಗೆ ಯಾವ ಮರದ್ದು, ಎಷ್ಟು ವರ್ಷದ್ದು ಅಂತ ಮೂರು ಮನೆ ವಿಚಾರಿಸುವವರು ನಾವು. ಹಸು ಬೆದೆಗೆ ಬಂದರೆ ಮಾತ್ರ ಕೃತಕ ಗರ್ಭಧಾರಣೆ ಮಾಡುವವರಿಗೆ ಫೋನ್ ಮಾಡಿ ‘ಒಳ್ಳೇದು ಹಾಕಿ’ ಅಂದುಬಿಡುತ್ತೇವೆ. ಯಾವ ಹೋರಿ, ಅದರ ತಾಯಿಯ ಹಾಲೆಷ್ಟು, ಹೆಣ್ಣುಕರುಗಳು ಹೇಗೆ? ಕೇಳುವವರಿಲ್ಲ. ವೀರ್ಯದ ಕಡ್ಡಿಯ ಮೇಲೆ ಹೋರಿಯ ನಂಬರ್ ಅಚ್ಚಾಗಿರುತ್ತದೆ. ಕೆಲಸ ಮುಗಿದ ಮೇಲೆ ಅದು ಗೊಬ್ಬರಗುಂಡಿಗೆ.

ಮುಂದಿನ ಸಲ ಆ ನಂಬರನ್ನು ಮಗಳು ಬರೆದಿಟ್ಟುಕೊಳ್ಳಲಿ. ಬೋಳು ಹೋರಿಯ ಕಡ್ಡಿ ಸಿಗುತ್ತದಾ ಅಂತಲೂ ಅವಳೇ ಕೇಳಲಿ. ಅಮ್ಮನಿಗೆ ಒಂದು ಮಲೆನಾಡು ಗಿಡ್ಡ ತಂದುಕೊಡಿ. ಕಾಡಿಗೆ ಮೇಯಲು ಹೋಗುವ ದನ, ಅದಕ್ಕೆ ಕೋಡು ಇರಲಿ. ದೀಪಾವಳಿಗೆ ಬಣ್ಣ ಬಳಿಯಲಿಕ್ಕೂ ಆಯಿತು.