ಕಣ್ಣು ಮುಚ್ಚಿದರೆ ಓಲಾಡುವುದು ಯಾಕೆ?

ಪ್ರಶ್ನೆ: ಡಾಕ್ಟರೇ, ನನಗೆ 54 ವರ್ಷ. ಒಂಟಿ ಕಾಲಲ್ಲಿ ಆರಾಮಾಗಿ ನಿಲ್ಲುತ್ತೇನೆ. ಕಣ್ಣು ಮುಚ್ಚಿದರೆ ಮಾತ್ರ ಓಲಾಡಿ ಕಾಲು ಕೆಳಗಿಡುತ್ತೇನೆ. ಬ್ಯಾಲೆನ್ಸ್ ನೋಡಿಕೊಳ್ಳುವುದು ಕಿರುಮೆದುಳು ಅಂತ ಓದಿದ್ದೆ. ನನ್ನದು ಕೆಟ್ಟಿದೆಯಾ? ಸ್ಕ್ಯಾನ್ ಮಾಡಿಸಲೇ?

ಉತ್ತರ: ಇಷ್ಟಕ್ಕೆಲ್ಲ ಸ್ಕ್ಯಾನ್ ಬೇಡ. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲುವುದು ನನಗೂ ಕಷ್ಟ. ವಯಸ್ಸಾಗುತ್ತಾ ಇನ್ನೂ ಕಷ್ಟ.

ನೆಟ್ಟಗೆ ನಿಲ್ಲಬೇಕಾದರೆ ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು. ಕಣ್ಣು ಒಂದು. ಒಳಗಿವಿ ಇನ್ನೊಂದು, ತಲೆ ಯಾವ ಕಡೆ ತಿರುಗಿತು, ವಾಲಿತು ಅಂತ ಅದು ತಿಳಿಸುತ್ತದೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಅಂಗಾಲು, ಕೀಲು, ಸ್ನಾಯುಗಳಿಂದ ಬರುವ ಸುದ್ದಿ. ನೀವು ಕಣ್ಣಿನ ದಾರಿ ಬಂದ್ ಮಾಡಿದಿರಿ, ಮೇಲಾಗಿ ನಿಂತಿದ್ದು ಒಂದೇ ಪಾದದ ಮೇಲೆ. ಓಲಾಡದೆ ಇನ್ನೇನು?

ನಾವು ಪರೀಕ್ಷೆ ಮಾಡುವಾಗ ಎರಡೂ ಪಾದ ಜೋಡಿಸಿ ನಿಲ್ಲಿಸುತ್ತೇವೆ. ಕಣ್ಣು ಮುಚ್ಚಿದ ಮೇಲಷ್ಟೇ ಬೀಳುವಂತಾದರೆ ಕಾಲಿನ ನರ, ಬೆನ್ನುಹುರಿ ಅಥವಾ ಒಳಗಿವಿಯ ಮೇಲೆ ಅನುಮಾನ. ಕಿರುಮೆದುಳು ಕೆಟ್ಟವರು ಕಣ್ಣು ಬಿಟ್ಟಿದ್ದರೂ ಓಲಾಡುತ್ತಾರೆ. ರೊಂಬರ್ಗ್ ಪರೀಕ್ಷೆ ಅನ್ನುವುದು ಇದಕ್ಕೇ. ಇದನ್ನು ಕಿರುಮೆದುಳಿನ ಪರೀಕ್ಷೆ ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಹಾಗಂತ ಕಿರುಮೆದುಳು ಸಾಮಾನ್ಯದ್ದಲ್ಲ. ತಲೆಯ ಹಿಂದೆ, ಕತ್ತಿಗಿಂತ ತುಸು ಮೇಲೆ ಇದೆ. ಗಾತ್ರದಲ್ಲಿ ಮೆದುಳಿನ ಸುಮಾರು ಹತ್ತನೇ ಒಂದು ಪಾಲು, ಆದರೆ ಮೆದುಳಿನ ನರಕೋಶಗಳಲ್ಲಿ ಸುಮಾರು ಶೇ. 80 ಅಲ್ಲೇ ಇವೆ! ಕೈ ಚಾಚಲು ಹೊರಟ ಅಪ್ಪಣೆಯ ಒಂದು ಪ್ರತಿ ಅಲ್ಲಿಗೂ ಹೋಗುತ್ತದೆ. ಕೈ ಎಲ್ಲಿ ಹೋಗಬೇಕು, ಎಲ್ಲಿ ಹೋಗುತ್ತಿದೆ ಅಂತ ಅದು ತಾಳೆ ನೋಡಿ ತಿದ್ದುತ್ತದೆ. ಕೈಯಿಂದ ಸುದ್ದಿ ಬರಲಿ ಅಂತ ಕಾದರೆ ತಡವಾಗುತ್ತದಲ್ವಾ? ಅದಕ್ಕೇ ಮೊದಲೇ ಅಂದಾಜು ಕಟ್ಟಿಕೊಂಡಿರುತ್ತದೆ. ಅದು ಕೆಟ್ಟರೆ ಕೈಯ ಶಕ್ತಿಗಿಂತ ಜಾಸ್ತಿ ಹಾಳಾಗುವುದು ಅಳತೆ. ಲೋಟಕ್ಕೆ ಚಾಚಿದ ಕೈ ಲೋಟವನ್ನು ದಾಟಿ ಹೋಗುತ್ತದೆ. ಕಾಲು ಅಗಲಿಸಿಕೊಂಡು ನಡೆಯುತ್ತಾರೆ, ಮಾತು ತೊದಲುತ್ತದೆ. ಕುಡಿದವರನ್ನು ನೋಡಿದ್ದೀರಲ್ಲ, ಹಾಗೆ.

ಬ್ರಿಟನ್ನಿನ ನರವೈದ್ಯ ಗೋರ್ಡನ್ ಹೋಮ್ಸ್ ಮೊದಲ ಮಹಾಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರನ್ನು ನೋಡಿ ಇದನ್ನೆಲ್ಲ ವಿವರವಾಗಿ ಬರೆದಿಟ್ಟರು. ಅವರ ಒಬ್ಬ ರೋಗಿಗೆ ಕಿರುಮೆದುಳಿನ ಬಲಭಾಗ ಕೆಟ್ಟಿತ್ತು. ಎಡಗೈ ತಾನಾಗಿ ಕೆಲಸ ಮಾಡುತ್ತದೆ, ಬಲಗೈಯನ್ನು ಮಾತ್ರ ಪ್ರತಿ ಸಲ ಯೋಚಿಸಿ ಆಡಿಸಬೇಕು ಅಂದನಂತೆ. ಗಮನಿಸಿ, ಬಲಭಾಗಕ್ಕೆ ಬಲಗೈಯೇ. ದೊಡ್ಡ ಮೆದುಳಿನಲ್ಲಾದರೆ ಇದು ಉಲ್ಟಾ.

ನೀವು ಗೋಡೆ ಪಕ್ಕ ನಿಂತು, ಕಣ್ಣು ಬಿಟ್ಟುಕೊಂಡೇ ಒಂಟಿ ಕಾಲಿನ ಅಭ್ಯಾಸ ಮುಂದುವರಿಸಿ. ಪಾದ ಜುಮ್ಮೆನ್ನುತ್ತಿದ್ದರೆ, ಕತ್ತಲಲ್ಲಿ ನಡೆಯಲು ತಡವರಿಸುವಂತಾದರೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಮತ್ತು ಬಿ12 ಪರೀಕ್ಷೆ ಮಾಡಿಸಲು ಹೇಳಬಹುದು. ಇದ್ದಕ್ಕಿದ್ದಂತೆ ತಲೆ ಸುತ್ತಿ, ಮಾತು ತೊದಲಿದರೆ, ಎರಡೆರಡು ಕಂಡರೆ, ನಡೆಯಲಿಕ್ಕೇ ಆಗದಿದ್ದರೆ ಮಾತ್ರ ನನಗೆ ಪತ್ರ ಬರೆಯುತ್ತಾ ಕೂರಬೇಡಿ. ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.